ಕೇಳಿದ್ದು ಒಂದು, ಕೊಟ್ಟ ಕೆಲಸ ಇನ್ನೊಂದು

ಧಾರವಾಡದ ಸಪ್ತಾಪುರದಲ್ಲಿ ಪುಸ್ತಕದ ಅಂಗಡಿಗೆ ಹೋಗಿ ಆರ್.ಎಸ್. ಅಗರ್‌ವಾಲ್ ಅವರ ‘ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್’ ಕೇಳಿದರೆ, ಯಾವ ಪರೀಕ್ಷೆಗೆ ಎಂದು ಅಂಗಡಿಯವರು ಕೇಳಬೇಕಾಗಿಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೂ ಅದೇ, ರೈಲ್ವೆ ಪರೀಕ್ಷೆಗೂ ಅದೇ, ಎಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ಸಿಗೆ ಬರುವ ಸಾಫ್ಟ್‌ವೇರ್ ಕಂಪನಿಗೂ ಅದೇ. ಎರಡು ನಳ ತೊಟ್ಟಿ ತುಂಬಿಸುತ್ತವೆ, ಮೂರನೆಯದು ಖಾಲಿ ಮಾಡುತ್ತದೆ. ಎದುರುಬದುರು ಬರುವ ಎರಡು ರೈಲು ಎಷ್ಟು ಸೆಕೆಂಡಿನಲ್ಲಿ ಒಂದನ್ನೊಂದು ದಾಟುತ್ತವೆ. ಹತ್ತಿರದ ಮುಗದ ಊರಿನಲ್ಲಿ ಹತ್ತಿ ಕ್ಯಾರಕೊಪ್ಪ ದಾಟಿ ಧಾರವಾಡಕ್ಕೆ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಬ್ಯಾಂಕಿಗೆ ಓದುವ ಅಣ್ಣ, ಸಾಫ್ಟ್‌ವೇರಿಗೆ ಓದುವ ತಂಗಿ ಒಂದೇ ಪುಸ್ತಕದಲ್ಲಿ ಸಂಸಾರ ತೂಗಿಸಬಹುದು.

ಬ್ಯಾಂಕಿನವರು ಬಡ್ಡಿ, ಶೇಕಡಾವಾರು ಕೇಳಿದರೆ ಒಂದು ಅರ್ಥವಿದೆ. ನಾಳೆ ಕೌಂಟರಿನಲ್ಲಿ ಅದೇ ಲೆಕ್ಕ ಎದುರಾಗುತ್ತದೆ. ಪ್ರೋಗ್ರಾಮಿಂಗ್ ಕೆಲಸಕ್ಕೆ ಬಂದವರನ್ನು ನಳದ ಲೆಕ್ಕ ಯಾಕೆ ಕೇಳುತ್ತಾರೆ? ಅದನ್ನು ದಾಟಿದವರಿಗೆ ಮುಂದಿನ ಸುತ್ತಿನಲ್ಲಿ ‘ಬೈನರಿ ಟ್ರೀ’ ಎಂಬ ಕವಲಿನ ಡೇಟಾ ರಚನೆಯನ್ನು ಎಡ-ಬಲ ತಿರುಗಿಸಲು ಯಾಕೆ ಹೇಳುತ್ತಾರೆ? ಸೇರಿದ ಮೇಲೆ ನಳವೂ ಇಲ್ಲ, ಟ್ರೀಯೂ ಇಲ್ಲ. ಯಾರೋ ಹತ್ತು ವರ್ಷದ ಹಿಂದೆ ಬರೆದ ಕೋಡಿನಲ್ಲಿ ಒಂದು ದಿನಾಂಕ ಯಾಕೆ ತಪ್ಪಾಗಿ ಮುದ್ರಣವಾಗುತ್ತಿದೆ ಎಂದು ಹುಡುಕುವ ಕೆಲಸ. ಈ ಅಂತರದ ಬಗ್ಗೆ ಬೆಂಗಳೂರಿನ ಕಚೇರಿಗಳಲ್ಲಿ ಬಹಳ ಕಾಲದಿಂದ ಗೊಣಗಾಟವಿದೆ. ಸೋತವರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ; ಗೊಣಗುವವರಲ್ಲಿ ಸಂದರ್ಶನ ಗೆದ್ದು ಒಳಗೆ ಕೂತವರೂ ಸಾಕಷ್ಟಿದ್ದಾರೆ.

ಪ್ರಶ್ನೆ ಎಷ್ಟೇ ಕಷ್ಟವಿರಲಿ, ನನಗೆ ತಕರಾರಿಲ್ಲ. ನನ್ನ ತಕರಾರು ಬೇರೆ. ಮನೆಯಲ್ಲಿ ಚಿಕ್ಕಪ್ಪನೋ ಅತ್ತೆಯ ಮಗಳೋ ಐಟಿಯಲ್ಲಿದ್ದರೆ ಆ ಕೆಲಸ ಹೇಗಿರುತ್ತದೆ ಎಂದು ಊಟದ ಹೊತ್ತಿನಲ್ಲೇ ಗೊತ್ತಾಗುತ್ತದೆ. ಮುಗದ, ಅಳ್ನಾವರ, ಕಲಘಟಗಿ ಕಡೆಯಿಂದ ಮನೆತನಕ್ಕೆ ಮೊದಲ ಎಂಜಿನಿಯರ್ ಆಗಿ ಬರುವ ಹುಡುಗಿಗೆ ಆ ಕೆಲಸದ ಬಗ್ಗೆ ಸಿಗುವ ಏಕೈಕ ಮಾಹಿತಿಯೆಂದರೆ ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದು. ಏನು ಕೇಳುತ್ತಾರೋ ಅದೇ ಕೆಲಸ ಎಂದು ಅವಳು ನಂಬುತ್ತಾಳೆ, ಅದಕ್ಕೇ ನಾಲ್ಕು ವರ್ಷ ತಯಾರಾಗುತ್ತಾಳೆ. ಆ ಮಾಹಿತಿ ತಪ್ಪಾಗಿದ್ದರೆ ನಷ್ಟ ಅವಳದೇ.

ಪರೀಕ್ಷೆಯೇ ಬೇರೆ, ಕೆಲಸವೇ ಬೇರೆ ಎಂಬ ಈ ರೋಗ ನಮ್ಮಲ್ಲಿ ಹುಟ್ಟಿದ್ದಲ್ಲ. 1955ರಲ್ಲಿ ಐಬಿಎಂ ಕಂಪನಿ ಪ್ರೋಗ್ರಾಮರ್‌ಗಳನ್ನು ಆರಿಸಲು ಒಂದು ಅಭಿಕ್ಷಮತಾ ಪರೀಕ್ಷೆ ಮಾಡಿತು. ಅದರಲ್ಲಿ ಇದ್ದದ್ದು ಸಂಖ್ಯಾಸರಣಿ, ಚಿತ್ರಗಳ ಹೋಲಿಕೆ, ಅಂಕಗಣಿತ. ಆಗ ಪ್ರೋಗ್ರಾಮಿಂಗ್ ಬಲ್ಲವರು ಬಹಳ ವಿರಳ. ಕಲಿಸುವ ಕಾಲೇಜುಗಳೂ ಇಲ್ಲದಂತೆಯೇ. ಬಲ್ಲವರು ಸಿಗದಾಗ ಕಲಿಯಬಲ್ಲವರನ್ನು ಹುಡುಕಬೇಕು, ಅದಕ್ಕೆ ಆ ಪರೀಕ್ಷೆ. ತೊಂಬತ್ತರ ದಶಕದಲ್ಲಿ ಮೈಕ್ರೋಸಾಫ್ಟಿನವರು ಅದಕ್ಕೆ ಒಗಟಿನ ವೇಷ ಹಾಕಿದರು. ‘ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತದೆ?’ ಎಂಬುದು ಆ ಕಾಲದ ಪ್ರಸಿದ್ಧ ಪ್ರಶ್ನೆ. (ಹುಬ್ಬಳ್ಳಿಯವರನ್ನು ಕೇಳಿದ್ದರೆ ‘ಮುಚ್ಚಳ ಎಲ್ಲೈತ್ರೀ?’ ಎಂದು ಮರುಪ್ರಶ್ನೆ ಬರುತ್ತಿತ್ತು.)

ಕರ್ನಾಟಕದಲ್ಲಿ ಈ ಒಗಟಿನ ಯುಗಕ್ಕೆ ಒಂದು ಸ್ವಾರಸ್ಯಕರ ಅಧ್ಯಾಯವಿದೆ. ಇನ್ಫೋಸಿಸ್‌ನ ಲಿಖಿತ ಪರೀಕ್ಷೆಗೆ ಕೂರುವವರ ನಡುವೆ ಕೈಯಿಂದ ಕೈಗೆ ಓಡಾಡುತ್ತಿದ್ದ ಪುಸ್ತಕ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರ ಒಗಟುಗಳದ್ದು; ಜೊತೆಗೆ ಜಾರ್ಜ್ ಸಮ್ಮರ್ಸ್ ಎಂಬ ಅಮೆರಿಕನ್ನನ ಪುಸ್ತಕ. ‘ಮಾನವ ಕಂಪ್ಯೂಟರ್’ ಎನಿಸಿಕೊಂಡವರ ಪುಸ್ತಕ ಓದಿ ನಿಜವಾದ ಕಂಪ್ಯೂಟರ್ ಕೆಲಸಕ್ಕೆ ಸೇರುವುದು! ನಗು ಬಂದರೂ ಆ ಪರೀಕ್ಷೆಯಲ್ಲಿ ಒಂದು ಪ್ರಾಮಾಣಿಕತೆ ಇತ್ತು ಎಂದೇ ನನ್ನ ಅಭಿಪ್ರಾಯ. ಕಂಪನಿ ಬಹಿರಂಗವಾಗಿಯೇ ಹೇಳುತ್ತಿತ್ತು: ನಿಮಗೆ ಪ್ರೋಗ್ರಾಮಿಂಗ್ ಬರಬೇಕಿಲ್ಲ, ಕಲಿಯುವ ಶಕ್ತಿ ಬೇಕು, ಕಲಿಸುವುದು ನಮ್ಮ ಕೆಲಸ. ಹೇಳಿದಂತೆ ಸಿವಿಲ್‌ನವರನ್ನೂ ಮೆಕ್ಯಾನಿಕಲ್‌ನವರನ್ನೂ ತೆಗೆದುಕೊಂಡು ಮೈಸೂರಿನ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಸಂಬಳ ಕೊಟ್ಟು ಕಲಿಸಿತು. ನಳದ ಲೆಕ್ಕ ಮಾಡಿ ಒಳಗೆ ಹೋದ ಹುಡುಗನಿಗೆ ತಾನು ನಳದ ಕೆಲಸಕ್ಕೆ ಹೋಗುತ್ತಿಲ್ಲ ಎಂದು ಗೊತ್ತಿತ್ತು. ಪರೀಕ್ಷೆ ಕೆಲಸದ ನಕಲೆಂದು ಯಾರೂ ನಟಿಸಲಿಲ್ಲ.

ನಟನೆ ಶುರುವಾದದ್ದು ಆಮೇಲೆ. 2008ರಲ್ಲಿ ಗೇಲ್ ಲಾಕ್‌ಮನ್ ಮ್ಯಾಕ್‌ಡವೆಲ್ ಅವರ ‘ಕ್ರ್ಯಾಕಿಂಗ್ ದ ಕೋಡಿಂಗ್ ಇಂಟರ್‌ವ್ಯೂ’ ಎಂಬ ಪುಸ್ತಕ ಬಂತು. ಮರುವರ್ಷ ನಮ್ಮ ದೇಶದಲ್ಲೇ ಗೀಕ್ಸ್‌ಫಾರ್‌ಗೀಕ್ಸ್ ಎಂಬ ಜಾಲತಾಣ ಹುಟ್ಟಿತು. ಮುಂದೆ ಹ್ಯಾಕರ್‌ರ‍್ಯಾಂಕ್, ಬೆಂಗಳೂರಿನ ಹ್ಯಾಕರ್‌ಅರ್ತ್, 2015ರಲ್ಲಿ ಲೀಟ್‌ಕೋಡ್, ಹೀಗೆ ಕೋಡಿಂಗ್ ಪ್ರಶ್ನೆಗಳ ತಾಣಗಳು ಬಂದವು. ಗೂಗಲ್, ಅಮೆಜಾನ್‌ನಂಥ ಕೆಲವೇ ಕಂಪನಿಗಳು ಕೇಳುತ್ತಿದ್ದ ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್ ಪ್ರಶ್ನೆಗಳು ಎಲ್ಲರ ಪ್ರಶ್ನೆಗಳಾದವು. ಕೋಟಿಗಟ್ಟಲೆ ಪುಟಗಳನ್ನು ಕ್ಷಣದಲ್ಲಿ ಹುಡುಕಿಕೊಡಬೇಕಾದವರಿಗೆ ಅಲ್ಗಾರಿದಮ್ಮಿನ ಒಂದು ಹೆಜ್ಜೆ ಉಳಿಸುವುದೂ ದೊಡ್ಡ ಲಾಭ. ಅವರು ಕೇಳಲಿ. ವಿಮಾ ಕಂಪನಿಯ ಕಂತಿನ ರಸೀದಿ ಮುದ್ರಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವವರೂ ಅದನ್ನೇ ಕೇಳತೊಡಗಿದಾಗ, ಪರೀಕ್ಷೆ ಮೊದಲ ಬಾರಿಗೆ ಕೆಲಸದ ಚಿತ್ರವೆಂಬಂತೆ ಕಾಣತೊಡಗಿತು. ಯಾಕೆಂದರೆ ಇದು ನಳದ ಲೆಕ್ಕವಲ್ಲ, ಕೋಡು. ಕೋಡು ಕೇಳಿದ್ದಾರೆಂದ ಮೇಲೆ ಒಳಗೆ ಇಂಥದೇ ಕೋಡು ಬರೆಯಿಸುತ್ತಾರೆ ಎಂದು ನಂಬುವುದು ಸಹಜ.

ದೊಡ್ಡ ಕಂಪನಿಗಳ ಮೇಲೂ ಇದೇ ದೂರಿತ್ತು. 2015ರಲ್ಲಿ ಮ್ಯಾಕ್ಸ್ ಹೋವೆಲ್ ಎಂಬವರು ಮಾಡಿದ ಒಂದು ಟ್ವೀಟ್ ಜಗತ್ತಿನ ಪ್ರೋಗ್ರಾಮರ್‌ಗಳೆಲ್ಲ ಹಂಚಿಕೊಂಡ ಮಾತಾಯಿತು. ಆತ ಬರೆದ ಹೋಮ್‌ಬ್ರೂ ಎಂಬ ತಂತ್ರಾಂಶವನ್ನು ಗೂಗಲ್‌ನ ಎಂಜಿನಿಯರ್‌ಗಳೇ ಬಳಸುತ್ತಿದ್ದರು. ಆದರೆ ಬೋರ್ಡಿನ ಮೇಲೆ ಬೈನರಿ ಟ್ರೀ ತಿರುಗಿಸಲಾಗದ್ದಕ್ಕೆ ಗೂಗಲ್ ಆತನನ್ನು ತೆಗೆದುಕೊಳ್ಳಲಿಲ್ಲ ಎಂಬುದು ಆತನ ದೂರು. ಅದಕ್ಕೂ ಎರಡು ವರ್ಷ ಮೊದಲು ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಲಾಸ್ಲೊ ಬಾಕ್, ಒಗಟುಗಳಿಂದ ಏನೂ ತಿಳಿಯುವುದಿಲ್ಲ, ಅವು ಕೇಳುವವರ ಜಂಬಕ್ಕೆ ಮಾತ್ರ ಎಂಬ ಅರ್ಥದಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದರು. ಒಗಟು ಹೋಯಿತು, ಟ್ರೀ ಉಳಿಯಿತು.

ಇನ್ನು ಕೆಲಸದ ಕಡೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಕಾಲೇಜಿನಲ್ಲಿ ಇದನ್ನು ಯಾರೂ ವಿವರಿಸುವುದಿಲ್ಲ. ಫ್ರೆಶರ್ ಆಗಿ, ಅಂದರೆ ಹೊಸಬರಾಗಿ, ಬೇರೆ ಕಂಪನಿಗಳಿಗೆ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿ ಸೇರಿದವರಿಗೆ ಮೊದಲು ತರಬೇತಿ, ಆಮೇಲೆ ಬೆಂಚ್, ಅಂದರೆ ಪ್ರಾಜೆಕ್ಟ್ ಸಿಗುವವರೆಗೆ ಕಾಯುವುದು. ಜಾವಾ ಕಲಿತವರಿಗೆ ಜಾವಾ ಪ್ರಾಜೆಕ್ಟೇ ಸಿಗುತ್ತದೆ ಎಂದೇನಿಲ್ಲ. ಟೆಸ್ಟಿಂಗ್ ಸಿಗಬಹುದು, ಮೇನ್‌ಫ್ರೇಮ್ ಸಿಗಬಹುದು, ‘ಸಪೋರ್ಟ್’ ಸಿಗಬಹುದು. ಸಪೋರ್ಟ್ ಎಂದರೆ ಅಮೆರಿಕದ ಯಾವುದೋ ಅಂಗಡಿಸಾಲಿನ ಬಿಲ್ಲಿಂಗ್ ವ್ಯವಸ್ಥೆ ಕೆಟ್ಟರೆ ಇಲ್ಲಿ ಟಿಕೆಟ್, ಅಂದರೆ ದೂರಿನ ದಾಖಲೆ, ಬೀಳುತ್ತದೆ. ಇಷ್ಟು ಗಂಟೆಯೊಳಗೆ ಉತ್ತರ ಕೊಡಬೇಕೆಂಬ ಕರಾರಿರುತ್ತದೆ. ರಾತ್ರಿ ಪಾಳಿ ಇರುತ್ತದೆ. ಟಿಕೆಟ್ ತೆರೆದು ನೋಡಬೇಕು, ವ್ಯವಸ್ಥೆ ತಾನೇ ಬರೆದಿಟ್ಟ ಲಾಗ್ ಹುಡುಕಬೇಕು, ಹಿಂದೆ ಇದೇ ತೊಂದರೆ ಬಂದಾಗ ಯಾರು ಏನು ಮಾಡಿದ್ದರು ಎಂದು ನೋಡಬೇಕು, ಗೊತ್ತಾಗದಿದ್ದರೆ ಗೊತ್ತಿರುವವರನ್ನು ಹಿಡಿದು ಕೇಳಬೇಕು. ಕೊನೆಗೆ ಬದಲಾಯಿಸುವುದು ಎರಡು ಸಾಲು ಇರಬಹುದು. ಆ ಎರಡು ಸಾಲು ಇನ್ನೆಲ್ಲಿ ಏನನ್ನು ಕೆಡಿಸುತ್ತದೆ ಎಂದು ಯೋಚಿಸುವುದಕ್ಕೆ ಎರಡು ದಿನ.

ಇದನ್ನು ಕೀಳು ಕೆಲಸ ಎಂದು ನಾನು ಹೇಳುತ್ತಿಲ್ಲ. ಇದೇ ಪ್ರೋಗ್ರಾಮಿಂಗ್. ತನ್ನದೇ ಸಾಫ್ಟ್‌ವೇರ್ ಮಾಡುವ ದೊಡ್ಡ ಪ್ರಾಡಕ್ಟ್ ಕಂಪನಿಯಲ್ಲೂ ಬಹುಪಾಲು ಹೀಗೇ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವೃತ್ತಿಪರ ಪ್ರೋಗ್ರಾಮರ್‌ಗಳ ಸಮಯದಲ್ಲಿ ಸುಮಾರು ಶೇಕಡಾ 58ರಷ್ಟು ಇರುವ ಕೋಡನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೇ ಹೋಗುತ್ತಿತ್ತು. ಓದುವುದೇ ಅರ್ಧಕ್ಕಿಂತ ಹೆಚ್ಚು! ಸಂದರ್ಶನದಲ್ಲಿ ಬೇರೆಯವರ ಕೋಡು ಕೊಟ್ಟು ‘ಇದನ್ನು ಓದಿ, ಇಲ್ಲಿ ಏನು ತಪ್ಪಿದೆ ಹೇಳಿ’ ಎನ್ನುವವರು ಎಷ್ಟು ಜನ? ಖಾಲಿ ಪರದೆ ಕೊಟ್ಟು ನಲವತ್ತೈದು ನಿಮಿಷದಲ್ಲಿ ಹೊಸದಾಗಿ ಬರೆಯಲು ಹೇಳುವುದೇ ವಾಡಿಕೆ. ಗಡಿಯಾರ ಓಡುತ್ತಿರುತ್ತದೆ, ಯಾರನ್ನೂ ಏನೂ ಕೇಳುವ ಹಾಗಿಲ್ಲ. ಕೆಲಸದಲ್ಲಾದರೋ ಕೇಳದೆ ಕೂತವನೇ ದಡ್ಡ.

ಹಾಗಿದ್ದರೂ ಕಂಪನಿಗಳು ಯಾಕೆ ಬಿಡುವುದಿಲ್ಲ? ದುರುದ್ದೇಶ ಹುಡುಕುವ ಅಗತ್ಯವಿಲ್ಲ, ಸಂಖ್ಯೆ ನೋಡಿದರೆ ಸಾಕು. 2021-22ರ ಹಣಕಾಸು ವರ್ಷದಲ್ಲಿ ಟಿಸಿಎಸ್ ಒಂದೇ ಸುಮಾರು ಒಂದು ಲಕ್ಷ ಹೊಸಬರನ್ನು ಸೇರಿಸಿಕೊಂಡಿತು, ಇನ್ಫೋಸಿಸ್ 85,000 ಜನರನ್ನು. ಆಯ್ಕೆಯಾದವರೇ ಇಷ್ಟಾದರೆ ಅರ್ಜಿ ಹಾಕಿದವರೆಷ್ಟು! ಒಬ್ಬೊಬ್ಬರ ಎದುರು ಅನುಭವಿ ಎಂಜಿನಿಯರನ್ನು ಅರ್ಧ ದಿನ ಕೂರಿಸಲು ಆಗುವುದಿಲ್ಲ. ಯಂತ್ರ ತಿದ್ದಬಹುದಾದ ಪರೀಕ್ಷೆ ಬೇಕು. ಅಗ್ಗವಾಗಿ ಅಳೆಯಬಹುದಾದದ್ದನ್ನು ಅಳೆದರು; ಅಳೆದದ್ದೇ ಪಠ್ಯವಾಯಿತು. ಹುಬ್ಬಳ್ಳಿಯ ಬಿವಿಬಿ ಕಾಲೇಜಿರಲಿ (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ), ಧಾರವಾಡದ ಎಸ್‌ಡಿಎಂ ಇರಲಿ, ಎಲ್ಲಿಯ ವಿದ್ಯಾರ್ಥಿಯನ್ನು ಮಾತಿಗೆಳೆದರೂ ಟಿಸಿಎಸ್‌ನ ‘ನಿಂಜಾ’, ‘ಡಿಜಿಟಲ್’, ‘ಪ್ರೈಮ್’ ಎಂಬ ಮೆಟ್ಟಿಲುಗಳು ಬಾಯಿಪಾಠ. ಮೇಲಿನ ಮೆಟ್ಟಿಲಿಗೆ ಹೆಚ್ಚು ಸಂಬಳ, ಹೆಚ್ಚು ಕಷ್ಟದ ಕೋಡಿಂಗ್ ಪ್ರಶ್ನೆ. ಮೆಟ್ಟಿಲು ಬದಲಾದರೆ ಪ್ರಾಜೆಕ್ಟೂ ಬದಲಾಗುತ್ತದೆಯೇ ಎಂಬುದನ್ನು ಕ್ಯಾಂಪಸ್ಸಿನ ಪ್ರಚಾರ ಸಭೆಯಲ್ಲಿ ಕೇಳಿದವರನ್ನು ನಾನು ಕಂಡಿಲ್ಲ.

ಈ ಪರೀಕ್ಷೆಗಳ ಪರವಾಗಿ ಒಂದು ಗಟ್ಟಿ ವಾದವಿದೆ, ಪರೀಕ್ಷೆಯನ್ನು ಬೈಯುವವರು ಸಾಮಾನ್ಯವಾಗಿ ಅದನ್ನು ಎತ್ತುವುದಿಲ್ಲ. ಲೀಟ್‌ಕೋಡ್ ಪ್ರಶ್ನೆಗೆ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ, ಅಪ್ಪನ ಪರಿಚಯ ಗೊತ್ತಿಲ್ಲ. ಒಂದು ಹಳೆಯ ಲ್ಯಾಪ್‌ಟಾಪ್, ಮೊಬೈಲ್ ಡೇಟಾ ಇದ್ದರೆ ಮುಗದದ ಮನೆಯಲ್ಲಿ ಕೂತೂ ತಯಾರಾಗಬಹುದು. ಈ ಪರೀಕ್ಷೆ ತೆಗೆದುಹಾಕಿದರೆ ಅದರ ಜಾಗಕ್ಕೆ ಬರುವುದೇನು? ‘ನಮ್ಮವರೇ ಒಬ್ಬರಿದ್ದಾರೆ, ನೋಡಿ’ ಎಂಬ ಶಿಫಾರಸು, ಕಾಲೇಜಿನ ಹೆಸರು, ಠಾಕುಠೀಕಾದ ಇಂಗ್ಲಿಷ್. ವಶೀಲಿ ಇಲ್ಲದವರಿಗೆ ಕಷ್ಟದ ಪರೀಕ್ಷೆಯೇ ಎಷ್ಟೋ ಸಲ ತೆರೆದ ಬಾಗಿಲು. ಈ ವಾದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಬಾಗಿಲು ಎಲ್ಲರಿಗೂ ಒಂದೇ ಅಳತೆಯದಲ್ಲ ಎಂಬುದಕ್ಕೆ ಮಾತ್ರ ಪುರಾವೆಯಿದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಮೈಕ್ರೋಸಾಫ್ಟ್ ಜೊತೆಗೂಡಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 48 ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಸಮಸ್ಯೆ ಕೊಟ್ಟರು. ಕೆಲವರು ಸಂದರ್ಶಕನ ಎದುರು ಬೋರ್ಡಿನ ಮೇಲೆ ಬಾಯಲ್ಲಿ ವಿವರಿಸುತ್ತ ಬಿಡಿಸಬೇಕು, ಉಳಿದವರು ಕೋಣೆಯಲ್ಲಿ ಒಬ್ಬರೇ. ಎದುರು ಯಾರೋ ನೋಡುತ್ತಿದ್ದಾಗ ಸಾಧನೆ ಅರ್ಧಕ್ಕಿಂತ ಕೆಳಗಿಳಿಯಿತು. ಒಬ್ಬರೇ ಕೂತ ಹೆಣ್ಣುಮಕ್ಕಳು ಎಲ್ಲರೂ ಬಿಡಿಸಿದರು, ಎದುರು ನಿಂತವರಲ್ಲಿ ಯಾರೂ ಬಿಡಿಸಲಿಲ್ಲ. ಹೆಣ್ಣುಮಕ್ಕಳ ಸಂಖ್ಯೆ ಚಿಕ್ಕದು, ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು. ಆದರೂ ಪರೀಕ್ಷೆ ಅಳೆಯುತ್ತಿರುವುದು ಬುದ್ಧಿಯನ್ನೋ ಅಂಜಿಕೆಯನ್ನೋ ಎಂಬ ಸಂಶಯಕ್ಕೆ ಅಷ್ಟು ಸಾಕು.

ಯಾವ ಬಗೆಯ ಆಯ್ಕೆ ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತದೆ ಎಂಬುದರ ಮೇಲೆ ಮನಶ್ಶಾಸ್ತ್ರಜ್ಞರು ಒಂದು ಶತಮಾನದಿಂದ ಕೆಲಸ ಮಾಡಿದ್ದಾರೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿದಾಗ, ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ವಿಧಾನ ಮೊದಲ ಸಾಲಿನಲ್ಲಿತ್ತು. 2022ರಲ್ಲಿ ಸ್ಯಾಕೆಟ್ ಮತ್ತಿತರರು ಆ ಲೆಕ್ಕವನ್ನು ತಿದ್ದಿದರು: ಹೆಚ್ಚಿನ ಅಂಕಿಗಳು ಕೆಳಗಿಳಿದವು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಮಾನದಂಡದಲ್ಲಿ ಅಂಕ ಕೊಡುವ ಕ್ರಮಬದ್ಧ ಸಂದರ್ಶನ ಮೇಲಕ್ಕೆ ಬಂತು. ಕೆಲಸದ ಜ್ಞಾನದ ಪರೀಕ್ಷೆ, ಕೆಲಸದ ತುಣುಕು ಆಮೇಲೂ ಮೇಲಿನ ಸಾಲಿನಲ್ಲೇ ಉಳಿದವು. ಮನಸ್ಸಿಗೆ ಬಂದದ್ದನ್ನು ಕೇಳುವ ಹರಟೆಯ ಸಂದರ್ಶನ ಬಹಳ ಕೆಳಗೆ ಕುಸಿಯಿತು.

ಮಾಡಬೇಕಾದ ಕೆಲಸದಲ್ಲೇ ಪರೀಕ್ಷಿಸಿ ನೋಡುವುದಕ್ಕೆ ಮುಗದದಲ್ಲೇ ಒಂದು ಉದಾಹರಣೆ ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇರುವುದು ಈ ಊರಲ್ಲಿ. ‘ಮುಗದ ಸುಗಂಧ’ ಎಂಬ ತಳಿಗೆ ಊರಿನ ಹೆಸರೇ ಇದೆ. ಒಂದು ತಳಿ ರೈತನ ಕೈಗೆ ಬರುವ ಮುನ್ನ ಕೇಂದ್ರದ ತಾಕಿನಲ್ಲಿ, ಆಮೇಲೆ ಬೇರೆ ಬೇರೆ ಸ್ಥಳಗಳಲ್ಲಿ, ಆಮೇಲೆ ರೈತರದೇ ಹೊಲಗಳಲ್ಲಿ ಹಲವು ಹಂಗಾಮು ಬೆಳೆದು ತೋರಿಸಬೇಕು. ಮಳೆ ನಂಬಿ ಕೂರಿಗೆಯಲ್ಲಿ ಬಿತ್ತುವ ಭತ್ತವನ್ನು ಕಾಲುವೆ ನೀರಿನ ಗದ್ದೆಯಲ್ಲಿ ಪರೀಕ್ಷಿಸಿ ‘ಪಾಸಾಯಿತು’ ಎಂದು ಯಾರೂ ಬೀಜ ಹಂಚುವುದಿಲ್ಲ.

ಕೆಲಸದ ಬಗ್ಗೆ ನಿಜ ಹೇಳಿದರೆ ಒಳ್ಳೆಯವರು ಓಡಿಹೋಗುತ್ತಾರೆ ಎಂಬ ಭಯ ಮಾನವ ಸಂಪನ್ಮೂಲ ವಿಭಾಗದವರಿಗೆ ಇರುತ್ತದೆ. ಇದನ್ನೂ ಪರೀಕ್ಷಿಸಿದ್ದಾರೆ. ಜಾನ್ ವಾನಸ್ ಎಂಬ ಸಂಶೋಧಕ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಬಂದವರಲ್ಲಿ ಕೆಲವರಿಗೆ ಎಂದಿನ ಬಣ್ಣದ ಚಿತ್ರಣವನ್ನೂ, ಕೆಲವರಿಗೆ ಬೇಸರ, ಒತ್ತಡ ಎಲ್ಲವನ್ನೂ ತೋರಿಸುವ ಚಲನಚಿತ್ರವನ್ನೂ ತೋರಿಸಿದರು. ನಿಜ ನೋಡಿದವರು ಕೆಲಸ ಬೇಡವೆನ್ನಲಿಲ್ಲ. ಸೇರಿದ ಮೇಲೆ ಬಿಡುವ ಯೋಚನೆ ಅವರಲ್ಲಿ ಕಡಿಮೆ ಇತ್ತು.

ನಮ್ಮಲ್ಲಿ ಮಾತು ಮತ್ತು ಕೆಲಸದ ನಡುವಿನ ಬಿರುಕು ಆಫರ್ ಲೆಟರ್ ಕೈಗೆ ಬಂದಮೇಲೂ ನಿಲ್ಲುವುದಿಲ್ಲ. 2023ರ ಫೆಬ್ರುವರಿಯಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷ ರೂಪಾಯಿಯ ಭರವಸೆ ಪಡೆದು ಕಾಯುತ್ತಿದ್ದವರನ್ನು 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. ಇನ್ಫೋಸಿಸ್‌ನ 2022ರ ಬ್ಯಾಚಿನ ಕೆಲವರು ಎರಡು ವರ್ಷಕ್ಕೂ ಹೆಚ್ಚು ಕಾದು ಮೈಸೂರು ಸೇರಿದರು. ಒಳಗಿನ ಪರೀಕ್ಷೆಯಲ್ಲಿ ಮೂರು ಅವಕಾಶದಲ್ಲೂ ಪಾಸಾಗಲಿಲ್ಲವೆಂದು 2025ರ ಫೆಬ್ರುವರಿಯಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿಯವರನ್ನು ಕಂಪನಿ ಕಳುಹಿಸಿತು. ಕಾರ್ಮಿಕ ಇಲಾಖೆಯ ಅಧಿಕಾರಿಗಳು ವಿಚಾರಣೆಗೆ ಹೋದರು. ಇದು ಎರಡು ದಶಕದಿಂದ ಇರುವ ನಿಯಮ, ಒಪ್ಪಂದದಲ್ಲೇ ಬರೆದಿದೆ ಎಂದು ಕಂಪನಿ ಹೇಳಿತು. ನಿಯಮ ಹಳೆಯದೇ ಇರಬಹುದು. ಆದರೆ ಕ್ಯಾಂಪಸ್ಸಿನಲ್ಲಿ ಆಯ್ಕೆ ಮಾಡಿದ ಪರೀಕ್ಷೆಯೂ, ಎರಡು ವರ್ಷದ ನಂತರ ಹೊರಹಾಕಿದ ಪರೀಕ್ಷೆಯೂ ಒಂದೇ ಮನುಷ್ಯನ ಬಗ್ಗೆ ಎರಡು ಉತ್ತರ ಕೊಟ್ಟವಲ್ಲ, ಅವೆರಡರಲ್ಲಿ ಯಾವುದನ್ನು ನಂಬಬೇಕು?

ಅಭ್ಯರ್ಥಿಗಳು ಸಾಚಾ ಎಂದೇನೂ ಅಲ್ಲ. ಇಲ್ಲದ ಅನುಭವ ಬರೆದ ರೆಸ್ಯೂಮೆ, ವಿಡಿಯೊ ಕರೆಯಲ್ಲಿ ತನ್ನ ಬದಲು ಬೇರೆಯವನನ್ನು ಕೂರಿಸುವ ‘ಪ್ರಾಕ್ಸಿ’ ಇವೆಲ್ಲ ಬೆಂಗಳೂರಿನ ನೇಮಕಾತಿಯವರಿಗೆ ನಿತ್ಯದ ತಲೆನೋವು. ಪರೀಕ್ಷೆಗೂ ಕೆಲಸಕ್ಕೂ ಸಂಬಂಧವಿಲ್ಲವೆಂದು ಎರಡೂ ಕಡೆಯವರಿಗೆ ಗೊತ್ತಾದ ಮೇಲೆ ಮೋಸಕ್ಕೆ ಮನಸ್ಸು ಹೆಚ್ಚು ಅಳುಕುವುದಿಲ್ಲ.

ನಮ್ಮ ಕಡೆಯ ಮಕ್ಕಳು ಅತಿ ಹೆಚ್ಚು ಅಂಜುವುದು ‘ಕಮ್ಯುನಿಕೇಷನ್ ರೌಂಡ್’ಗೆ. ವಿಚಿತ್ರವೆಂದರೆ ಎಲ್ಲ ಸುತ್ತುಗಳಲ್ಲಿ ನಿಜವಾದ ಕೆಲಸಕ್ಕೆ ಹತ್ತಿರವಾದದ್ದು ಅದೇ. ಇನ್ನೊಂದು ದೇಶದ ಗ್ರಾಹಕನ ಜೊತೆ ಕರೆಯಲ್ಲಿ ಮಾತಾಡುವುದು, ತೊಂದರೆ ಏನೆಂದು ಅವನಿಂದ ಹೊರಡಿಸುವುದು, ಮಾಡಿದ್ದನ್ನು ನಾಲ್ಕು ಸಾಲಿನ ಇಮೇಲ್‌ನಲ್ಲಿ ಬರೆಯುವುದು ದಿನದ ಕೆಲಸದ ದೊಡ್ಡ ಭಾಗ. ಆದರೆ ಆ ಸುತ್ತಿನಲ್ಲಿ ಅದನ್ನು ಕೇಳುವುದಿಲ್ಲ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎನ್ನುತ್ತಾರೆ. ಹುಡುಗ ಬಾಯಿಪಾಠ ಒಪ್ಪಿಸುತ್ತಾನೆ. ಉಚ್ಚಾರಣೆಗೆ ಅಂಕ ಬೀಳುತ್ತದೆ. ಕನ್ನಡ ಶಾಲೆಯಲ್ಲಿ ಓದಿದವಳು ತಡವರಿಸಿಯಾದರೂ ಸರಿಯಾದ ಪ್ರಶ್ನೆ ಕೇಳಬಲ್ಲಳೇ ಎಂದು ನೋಡಿದರೆ ಫಲಿತಾಂಶ ಬೇರೆ ಬರಬಹುದು.

ಈಗ ಎಐ ಬಂದು ಈ ನಾಟಕದ ರಂಗಸಜ್ಜಿಕೆಯನ್ನೇ ಅಲ್ಲಾಡಿಸಿದೆ. ಲೀಟ್‌ಕೋಡ್ ಪ್ರಶ್ನೆಗೆ ಉತ್ತರ ಕ್ಷಣದಲ್ಲಿ ಪರದೆಯ ಮೂಲೆಯಲ್ಲಿ ಸಿಗುತ್ತದೆ. ಗೂಗಲ್‌ನ ಸುಂದರ್ ಪಿಚೈ 2025ರಲ್ಲಿ ಕನಿಷ್ಠ ಒಂದು ಸುತ್ತನ್ನಾದರೂ ಮುಖಾಮುಖಿ ನಡೆಸುವ ಮಾತಾಡಿದರು. ಅದೇ ವರ್ಷ ಕ್ಯಾನ್ವಾ ಎಂಬ ಕಂಪನಿ ಉಲ್ಟಾ ದಾರಿ ಹಿಡಿದು, ಸಂದರ್ಶನದಲ್ಲಿ ಎಐ ಬಳಸಿಯೇ ಬಿಡಿಸಿ, ನಾವು ಕೆಲಸದಲ್ಲಿ ಬಳಸುವುದೂ ಹಾಗೇ ಎಂದಿತು. ನನ್ನ ಒಲವು ಎರಡನೆಯ ದಾರಿಯ ಕಡೆ. ಯಂತ್ರ ಬರೆದುಕೊಟ್ಟ ಕೋಡಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದು ಕೊನೆಗೂ ಬೇರೆಯವರ ಕೋಡು ಓದುವುದೇ ತಾನೇ.

ಸಣ್ಣ ಕಂಪನಿಗಳಿಗೆ ಲಕ್ಷ ಅರ್ಜಿಯ ನೆಪ ಇಲ್ಲ. ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲಿ ಹತ್ತಿಪ್ಪತ್ತು ಜನರ ಕಚೇರಿ ನಡೆಸುವವರು ತಮ್ಮದೇ ಹಳೆಯ ಒಂದು ಬಗ್ ತೆಗೆದು, ಗ್ರಾಹಕರ ಹೆಸರು ಅಳಿಸಿ, ಎರಡು ಗಂಟೆ ಕೊಟ್ಟು, ‘ಏನು ಬೇಕಾದರೂ ಹುಡುಕಿ, ನಮ್ಮನ್ನೂ ಕೇಳಿ’ ಎಂದು ಕೂರಿಸಬಹುದು. ಖರ್ಚು ಒಂದು ಮಧ್ಯಾಹ್ನ. ದೊಡ್ಡ ಕಂಪನಿಗಳು ಅಷ್ಟು ಮಾಡಲಾಗದಿದ್ದರೆ ಕೊನೇಪಕ್ಷ ಕ್ಯಾಂಪಸ್ಸಿಗೆ ಬರುವಾಗ ಉಪಾಧ್ಯಕ್ಷರ ಜೊತೆಗೆ, ಹೋದ ವರ್ಷ ಸೇರಿದ ಒಬ್ಬರನ್ನು ಕರೆತಂದು ಅವರ ಕೈಗೆ ಮೈಕು ಕೊಡಲಿ. ಪ್ಲೇಸ್‌ಮೆಂಟ್ ಅಧಿಕಾರಿಗಳು ಪ್ಯಾಕೇಜ್ ಎಷ್ಟು ಎಂಬ ಫ್ಲೆಕ್ಸಿನ ಕೆಳಗೆ, ಹಿಂದಿನ ಬ್ಯಾಚಿನವರು ಮೊದಲ ವರ್ಷ ಯಾವ ಕೆಲಸ ಮಾಡಿದರು ಎಂದು ಒಂದು ಸಾಲು ಹಾಕಿಸಲಿ. ಆ ಮಾಹಿತಿ ಅವರ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಬಿದ್ದಿರುತ್ತದೆ.

ವಿದ್ಯಾರ್ಥಿಗಳ ಕೈಯಲ್ಲಿರುವುದು ಸಂದರ್ಶನದ ಕೊನೆಯ ಎರಡು ನಿಮಿಷ, ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎನ್ನುವ ಹೊತ್ತು. ಸಾಮಾನ್ಯವಾಗಿ ಎಲ್ಲರೂ ‘ನೋ ಸರ್’ ಎಂದು ಎದ್ದು ಬರುತ್ತಾರೆ. ಅದರ ಬದಲು ಇವನ್ನು ಕೇಳಬಹುದು: ನಿಮ್ಮ ತಂಡಕ್ಕೆ ಕೊನೆಯದಾಗಿ ಸೇರಿದ ಫ್ರೆಶರ್ ಮೊದಲ ಮೂರು ತಿಂಗಳು ಏನು ಮಾಡಿದರು? ಪಾಳಿ ಯಾವುದು? ಹೊಸ ಕೋಡು ಎಷ್ಟು, ಹಳೆಯದರ ದುರಸ್ತಿ ಎಷ್ಟು? ಬಾಂಡ್ ಮುರಿದರೆ ಎಷ್ಟು ಕಟ್ಟಬೇಕು? ಕೇಳಿದರೆ ‘ಅದೆಲ್ಲ ಬಿಸಿನೆಸ್ ರಿಕ್ವೈರ್‌ಮೆಂಟ್ ಮೇಲೆ ಹೋಗುತ್ತದೆ’ ಎಂಬ ಉತ್ತರ ಬರುವ ಸಂಭವ ಹೆಚ್ಚು. ಸಾಲದ ಕಂತು ತಲೆಯ ಮೇಲಿರುವ ಮನೆಯ ಹುಡುಗಿ ಆ ಉತ್ತರ ಕೇಳಿಯೂ ಸಹಿ ಹಾಕಬಹುದು, ಹಾಕಲಿ. ಆದರೆ ಆ ಪ್ರಶ್ನೆಗಳನ್ನು ಕೇಳಿದ್ದರೆ, ಸೇರಿದ ಮೊದಲ ವಾರ ಟಿಕೆಟ್ ಬಿದ್ದಾಗ ತನಗೇ ಏನೋ ಕೊರತೆಯಿದೆ, ಅದಕ್ಕೇ ಇಂಥ ಕೆಲಸ ಸಿಕ್ಕಿತು ಎಂದು ಅವಳು ಅಳಬೇಕಾಗುವುದಿಲ್ಲ.